ಬಣ್ಣ ಮೊದಲು, ಚಿಲಕ ಆಮೇಲೆ: ದೇರಳಕಟ್ಟೆಯ ಹೊಸ ಹಾಸ್ಟೆಲಿನಲ್ಲಿ ಏಳು ತಿಂಗಳು

ಹಾಸ್ಟೆಲಿನ ಹೆಸರು ಬರೆಯುವುದಿಲ್ಲ. ಭಯ ಅಂತೇನಲ್ಲ. ನಾನಿನ್ನೂ ಅಲ್ಲೇ ಊಟ ಮಾಡುತ್ತಿದ್ದೇನೆ, ಅಷ್ಟೇ. ಮಂಗಳೂರು ಹತ್ತಿರದ ಈ ದೇರಳಕಟ್ಟೆಯಲ್ಲಿ ಖಾಸಗಿ ಲೇಡೀಸ್ ಹಾಸ್ಟೆಲುಗಳಿಗೆ ಬರವಿಲ್ಲ. ಹುಡುಕಲು ಹೊರಟ ಯಾರಿಗಾದರೂ ಇಂಥದ್ದೊಂದು ಎದುರಾಗೇ ಆಗುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನದು ಹಾವೇರಿ ಹತ್ತಿರದ ಹಳ್ಳಿ. ಇಲ್ಲಿ ಫಿಸಿಯೋಥೆರಪಿ ಓದುತ್ತಿದ್ದೇನೆ. ನಮ್ಮಪ್ಪ ಗೌಂಡಿ. ಇಲ್ಲಿಯವರ ಮಾತಲ್ಲಿ ಹೇಳುವುದಾದರೆ ಮೇಸ್ತ್ರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಗೋಡೆ, ಗಿಲಾಯಿ (ಅಂದರೆ ಪ್ಲಾಸ್ಟರಿಂಗ್), ಸ್ಲ್ಯಾಬು ಅಂತ ಮಾತಾಡುವಾಗ ಇವಳಿಗೆ ಇದೆಲ್ಲ ಹೇಗೆ ಗೊತ್ತು ಅಂತ ಅನ್ನಿಸಬಾರದು. ನನಗೆ ಗೊತ್ತಿಲ್ಲ, ಅಪ್ಪನಿಗೆ ಗೊತ್ತು.

ಮೊದಲ ವರ್ಷ ಒಂದು ಮನೆಯ ಮಹಡಿಯ ಪಿಜಿಯಲ್ಲಿದ್ದೆ. ಚೆನ್ನಾಗೇ ಇತ್ತು. 2025ರ ಮೇ ತಿಂಗಳಲ್ಲಿ ಆ ಮನೆಯ ಆಂಟಿ, ಮಗಳ ಸಂಸಾರ ಗಲ್ಫಿನಿಂದ ವಾಪಸ್ ಬರುತ್ತಿದೆ, ಜೂನ್ ಕೊನೆಗೆ ಬಿಟ್ಟುಕೊಡಿ ಅಂದರು. ಹುಡುಕುತ್ತಾ ಹೋದಾಗ ಮೇನ್ ರೋಡಿನಲ್ಲಿ ಕಂಡದ್ದು ಈ ಬ್ಯಾನರ್. ಲಿಫ್ಟ್, ವೈಫೈ, 24 ಗಂಟೆ ಬಿಸಿನೀರು, ಸ್ಟಡಿ ಹಾಲ್, ಮನೆಯೂಟ. ಕೆಳಗೆ ದಪ್ಪ ಅಕ್ಷರದಲ್ಲಿ 'ಪ್ರವೇಶ ಆರಂಭ'.

ಕಟ್ಟಡ ನೋಡಿ ಮನಸೋತೆ, ಸುಳ್ಳು ಯಾಕೆ ಹೇಳಲಿ. ಮುಂಭಾಗಕ್ಕೆ ತಿಳಿ ಹಸಿರು ಬಣ್ಣ, ಹೆಸರಿನ ಅಕ್ಷರಗಳ ಹಿಂದೆ ಲೈಟು, ಗೇಟಿನಿಂದ ಬಾಗಿಲವರೆಗೆ ಇಂಟರ್‌ಲಾಕ್. ಮ್ಯಾನೇಜರ್ ಒಂದನೇ ಮಹಡಿಯ ಒಂದು ರೂಮು ತೋರಿಸಿದರು. ಹಾಸಿಗೆ ಮೇಲೆ ಹೊಸ ಬೆಡ್‌ಶೀಟ್, ಮೇಜಿನ ಮೇಲೆ ಪ್ಲಾಸ್ಟಿಕ್ ಹೂವು. ಮೇಲೆ ಹೋಗಿ ನೋಡಬಹುದಾ ಅಂತ ಕೇಳಿದೆ. "ಮೇಲೆ ಕೆಲಸದವರು ಇದ್ದಾರೆ. ಎಲ್ಲ ರೂಮೂ ಹೀಗೇ ಇರ್ತದೆ. ಜುಲೈ 5ಕ್ಕೆ ಬನ್ನಿ, ಎಲ್ಲ ರೆಡಿ ಉಂಟು" ಅಂದರು. ಊಟ ಸೇರಿ ತಿಂಗಳಿಗೆ 8,500, ಅಡ್ವಾನ್ಸ್ 15,000. ಬಿಳಿ ಹಾಳೆಯಲ್ಲಿ ಬರೆದುಕೊಟ್ಟ ರಸೀದಿ. ತೆಗೆದುಕೊಂಡು ಬಂದೆ.

ಜುಲೈ 5ಕ್ಕೆ ಎರಡು ಸೂಟ್‌ಕೇಸು, ಒಂದು ಬಕೆಟ್ಟು ಹಿಡಿದು ಆಟೋದಲ್ಲಿ ಹೋದೆ. ಮಳೆ ಅಂದರೆ ಮಳೆ. ನಮ್ಮ ಹಾವೇರಿ ಕಡೆ ವರ್ಷವಿಡೀ ಬೀಳುವುದಕ್ಕಿಂತ ಜಾಸ್ತಿ ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುತ್ತದೆ. ಮೇನ್ ರೋಡಿನಿಂದ ಹಾಸ್ಟೆಲಿಗೆ ಏರು ದಾರಿ, ಪೂರ್ತಿ ಕೆಂಪು ಕೆಸರು. ಆಟೋದವರು ಅರ್ಧಕ್ಕೇ ನಿಲ್ಲಿಸಿ, "ಇನ್ನು ಹತ್ತುದಿಲ್ಲ" ಅಂದರು. ಗೇಟಿನ ಒಳಗಿನ ಇಂಟರ್‌ಲಾಕಿಗೂ ಆ ದಾರಿಗೂ ಏನೂ ಸಂಬಂಧವಿರಲಿಲ್ಲ.

ನನ್ನ ರೂಮು ಎರಡನೇ ಮಹಡಿಯಲ್ಲಿ. ನಂಬರನ್ನು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದರು, 207. ಮಂಚ ಇತ್ತು. ಹಾಸಿಗೆ ಇತ್ತು, ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿರಲಿಲ್ಲ. ಫ್ಯಾನಿನ ಜಾಗದಲ್ಲಿ ಕೊಕ್ಕೆ ಇತ್ತು. ಸ್ವಿಚ್‌ಬೋರ್ಡಿಗೆ ಮುಚ್ಚಳ ಇಲ್ಲ, ಒಳಗಿನ ಕೆಂಪು, ಹಸಿರು ವೈರುಗಳೆಲ್ಲ ಹೊರಗೆ ಇಣುಕುತ್ತಿದ್ದವು. ಬಾತ್‌ರೂಮಿಗೆ ಬಾಗಿಲು ಇತ್ತು, ಚಿಲಕ ಇರಲಿಲ್ಲ. ಮೊದಲ ಒಂಬತ್ತು ದಿನ ನಾನು, ನನ್ನ ರೂಮ್‌ಮೇಟ್ ಒಬ್ಬರು ಸ್ನಾನಕ್ಕೆ ಹೋದರೆ ಇನ್ನೊಬ್ಬರು ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆವು. ಅವಳು ಅಲ್ಲೇ ಕೂತು ಅಕೌಂಟೆನ್ಸಿ ಓದುತ್ತಿದ್ದಳು. ತಮಾಷೆಯ ವಿಷಯ ಏನೆಂದರೆ, ಕಾರಿಡಾರಿನಲ್ಲಿ ಸಿಸಿ ಕ್ಯಾಮೆರಾ ಮಾತ್ರ ಮೊದಲ ದಿನದಿಂದಲೇ ಕೆಲಸ ಮಾಡುತ್ತಿತ್ತು. ನಾಲ್ಕು ಕ್ಯಾಮೆರಾಕ್ಕೆ ದುಡ್ಡಿತ್ತು, ಚಿಲಕಕ್ಕೆ ಇರಲಿಲ್ಲ.

ಇಷ್ಟು ಅವಸರ ಯಾಕೆ ಅಂತ ಆಮೇಲೆ ಅಡುಗೆಯ ಅಕ್ಕನಿಂದ ಗೊತ್ತಾಯಿತು. ಜುಲೈ ಮಧ್ಯದಲ್ಲಿ ಆಟಿ ಶುರು. ತುಳುನಾಡಲ್ಲಿ ಆಟಿ ತಿಂಗಳಲ್ಲಿ ಯಾರೂ ಮನೆ ಒಕ್ಕಲು ಮಾಡುವುದಿಲ್ಲ. ಆಟಿ ಕಳೆಯಲಿ ಅಂತ ಕಾದರೆ ಆಗಸ್ಟ್ ಅರ್ಧ ಮುಗಿಯುತ್ತದೆ, ಹುಡುಗಿಯರು ಬೇರೆ ಕಡೆ ಸೇರಿಬಿಡುತ್ತಾರೆ. ಹಾಗಾಗಿ ಜುಲೈ ಮೊದಲ ವಾರ ಗಣಹೋಮ ಮಾಡಿ, ಮಾವಿನೆಲೆ ಕಟ್ಟಿ, ಹಾಲು ಉಕ್ಕಿಸಿ, ನಮ್ಮನ್ನು ತುಂಬಿಸಿಕೊಂಡರು. ಒಂದು ಮತ್ತು ಎರಡನೇ ಮಹಡಿಯಲ್ಲಿ ನಾವು. ಮೂರನೆಯದರಲ್ಲಿ ಗಿಲಾಯಿ ನಡೆಯುತ್ತಿತ್ತು. ನಾಲ್ಕನೆಯದರಲ್ಲಿ ಸ್ಲ್ಯಾಬಿಗೆ ಕೊಟ್ಟ ಕಬ್ಬಿಣದ ಜಾಕಿಗಳು ಇನ್ನೂ ನಿಂತಿದ್ದವು. ಲಿಫ್ಟಿನ ಜಾಗ ಖಾಲಿ ಬಾವಿ, ಪ್ರತಿ ಮಹಡಿಯಲ್ಲೂ ಅದಕ್ಕೆ ಅಡ್ಡವಾಗಿ ಪ್ಲೈವುಡ್ ಹಲಗೆ.

ಏನು ಕೇಳಿದರೂ ಮ್ಯಾನೇಜರದ್ದು ಒಂದೇ ಉತ್ತರ, "ಆಗ್ತದೆ". ಫ್ಯಾನ್? ಆಗ್ತದೆ. ಲಿಫ್ಟ್? ಮುಂದಿನ ವಾರ ಆಗ್ತದೆ. ಪ್ಲಂಬರ್ ಹತ್ತಿರ ತುಳುವಿನಲ್ಲಿ ಮಾತಾಡುವಾಗಲೂ ಅದೇ, "ಆಪುಂಡು, ಆಪುಂಡು". ನಾನು ಕಲಿತ ಮೊದಲ ತುಳು ಪದ ಅದು. ಮನುಷ್ಯ ಕೆಟ್ಟವರಲ್ಲ, ಎಂದೂ ದನಿ ಎತ್ತಿದ್ದಿಲ್ಲ. ಆದರೆ ಅವರ ಕೈಯಲ್ಲೂ ಏನೂ ಇರಲಿಲ್ಲ ಅಂತ ನನಗೆ ಅರ್ಥವಾಗಲು ಎರಡು ತಿಂಗಳು ಬೇಕಾಯಿತು. ಓನರ್ ಫೋನ್ ಎತ್ತಬೇಕು, ಕಾಂಟ್ರ್ಯಾಕ್ಟರ್ ಬರಬೇಕು, ಅವರ ಹಿಂದೆ ಟೈಲ್ಸಿನವರು, ವಯರಿಂಗಿನವರು, ಪೇಂಟಿನವರು. ಒಬ್ಬರ ಕೆಲಸ ಮುಗಿಯದೆ ಇನ್ನೊಬ್ಬರದ್ದು ಶುರುವಾಗುವುದಿಲ್ಲ. ಒಂದು ಸಲ ಮೂರನೇ ಮಹಡಿಯಲ್ಲಿ ಟೈಲ್ಸ್ ಹಾಕಿ ಮುಗಿಸಿದ ಮೇಲೆ ಗೀಸರಿನ ಪೈಪು ಹಾಕಲು ಮರೆತದ್ದು ನೆನಪಾಯಿತು. ಹೊಸ ಟೈಲ್ಸನ್ನು ಮತ್ತೆ ಒಡೆದರು. ಆ ಸದ್ದು ನನ್ನ ಅನಾಟಮಿ ಪುಸ್ತಕದ ಮೇಲೆ ಬಿದ್ದಂತೆ ಕೇಳುತ್ತಿತ್ತು.

ಸದ್ದಿನ ಬಗ್ಗೆ ಒಂದು ಮಾತು. ಮಳೆ ಬಂದರೆ ಕೆಲಸ ನಿಲ್ಲುತ್ತದೆ, ಆರಾಮಾಗಿ ಓದಬಹುದು ಅಂದುಕೊಂಡಿದ್ದೆ. ತಲೆಕೆಳಗು. ಮಳೆ ಬಂದರೆ ಹೊರಗಿನ ಕೆಲಸ ನಿಲ್ಲುತ್ತದೆ, ಎಲ್ಲರೂ ಒಳಗೆ ಬರುತ್ತಾರೆ. ಟೈಲ್ಸ್ ಕಟರ್, ಡ್ರಿಲ್ಲು, ಗೋಡೆ ಕೊರೆಯುವ ಮಶೀನು ಎಲ್ಲ ಒಟ್ಟಿಗೆ. ಡಿಸಿ ಮಳೆ ರಜೆ ಕೊಟ್ಟರೂ ಸಾಮಾನ್ಯವಾಗಿ ಅದು ಪಿಯುಸಿಯವರೆಗಿನ ಮಕ್ಕಳಿಗೆ. ನಮಗೆ ಕ್ಲಾಸು ಇದ್ದೇ ಇರುತ್ತಿತ್ತು, ಅದೇ ಪುಣ್ಯ. ಬಿಳಿ ಏಪ್ರನ್ ಒಗೆದು ಕಾರಿಡಾರಿನಲ್ಲಿ ಒಣಹಾಕಿದರೆ ಸಂಜೆಗೆ ಟೈಲ್ಸ್ ಧೂಳು ಕೂತು ಬೂದಿ ಬಣ್ಣ. ತಾರಸಿಯಲ್ಲಿ ಒಣಹಾಕೋಣ ಎಂದರೆ ಶೀಟು ಹಾಕಿರಲಿಲ್ಲ. ಕರಾವಳಿಯಲ್ಲಿ ತಾರಸಿ ಮೇಲೆ ಶೀಟಿನ ಮಾಡು ಇಲ್ಲದ ಕಟ್ಟಡವನ್ನು ಜುಲೈನಲ್ಲಿ ತೆರೆಯುವುದು ಅಂದರೆ ಕೊಡೆ ಬಿಟ್ಟು ಮಳೆಗೆ ಹೋದ ಹಾಗೆ. ಆ ಎರಡು ತಿಂಗಳು ನನ್ನ ಬಟ್ಟೆಗಳೆಲ್ಲ ನಾಯಿ ಒದ್ದೆಯಾದಾಗಿನ ವಾಸನೆ ಬರುತ್ತಿದ್ದವು.

ನೀರಿನ ಕಥೆ ಚಿಕ್ಕದು. ಹೊರಗೆ ಧೋ ಅಂತ ಮಳೆ, ಒಳಗೆ ನಲ್ಲಿಯಲ್ಲಿ ನೀರಿಲ್ಲ. ಬೋರಿನ ಪಂಪು ಒಂದೇ, ಟ್ಯಾಂಕ್ ಒಂದೇ. ಅದರಲ್ಲೇ ನಮ್ಮ ಸ್ನಾನ, ಅದರಲ್ಲೇ ಮೇಲಿನವರ ಸಿಮೆಂಟು ಕಲೆಸುವುದು. ಬೆಳಗ್ಗೆ ಆರೂವರೆ ಒಳಗೆ ಎದ್ದವಳು ಗೆದ್ದಳು.

ಕರೆಂಟಿನದ್ದು ಸ್ವಲ್ಪ ಉದ್ದ. ಗೀಸರ್ ಹಾಕಿದರೆ, ಜೊತೆಗೆ ಯಾರೋ ಇಸ್ತ್ರಿಪೆಟ್ಟಿಗೆ ಹಾಕಿದರೆ, ಇಡೀ ಮಹಡಿ ಕತ್ತಲೆ. ವಯರಿಂಗಿನ ಹುಡುಗ ಒಂದು ದಿನ ವಿಷಯ ಬಿಡಿಸಿ ಹೇಳಿದ. ಕಟ್ಟಡಕ್ಕೆ ಇನ್ನೂ ಪರ್ಮನೆಂಟ್ ಕನೆಕ್ಷನ್ ಬಂದಿಲ್ಲ, ಓಡುತ್ತಿರುವುದು ಕಟ್ಟುವ ಕೆಲಸಕ್ಕೆ ಅಂತ ತೆಗೆದುಕೊಂಡ ತಾತ್ಕಾಲಿಕ ಕನೆಕ್ಷನ್. ಕಾಂಕ್ರೀಟ್ ಮಿಕ್ಸರಿಗೆ, ಡ್ರಿಲ್ಲಿಗೆ ಅಂತ ತೆಗೆದುಕೊಂಡದ್ದರಲ್ಲಿ ನಲವತ್ತು ಹುಡುಗಿಯರ ಮೊಬೈಲು, ಗೀಸರು, ಇಸ್ತ್ರಿ. ಪರ್ಮನೆಂಟ್ ಯಾಕಿಲ್ಲ ಅಂದರೆ ಕಟ್ಟಡಕ್ಕೆ ಒಸಿ ಸಿಕ್ಕಿಲ್ಲ. ಒಸಿ ಅಂದರೆ ಸ್ವಾಧೀನಾನುಭವ ಪತ್ರ. ಪ್ಲಾನಿನ ಪ್ರಕಾರ ಕಟ್ಟಿದ್ದಾರೆ, ಇನ್ನು ಜನ ವಾಸ ಮಾಡಬಹುದು ಅಂತ ಕೊಡುವ ಕಾಗದ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಈ ಪತ್ರ ತೋರಿಸಿದ ಮೇಲೆಯೇ ಕಟ್ಟಡಗಳಿಗೆ ಕರೆಂಟು, ನೀರು, ಒಳಚರಂಡಿ ಕನೆಕ್ಷನ್ ಕೊಡಬೇಕು ಅಂತ ಹೇಳಿದೆ. ನಾನು ಅಡ್ವಾನ್ಸ್ ಕೊಡುವ ದಿನ "ಕರೆಂಟ್ ಕನೆಕ್ಷನ್ ಪರ್ಮನೆಂಟಾ?" ಅಂತ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಉಳಿದದ್ದೆಲ್ಲ ತಾನಾಗಿ ಹೊರಬರುತ್ತಿತ್ತು. ಆದರೆ ನಾನು ಕೇಳಿದ್ದು ವೈಫೈ ಸ್ಪೀಡ್ ಎಷ್ಟು ಅಂತ.

ಆಗಸ್ಟಿನಲ್ಲಿ ಪಕ್ಕದ ರೂಮಿನ ಹುಡುಗಿಗೆ ಗೀಸರ್ ಹಾಕಿದ್ದಾಗ ನಲ್ಲಿ ಮುಟ್ಟಿದರೆ ಜುಂ ಅಂದಿತು. ಸಣ್ಣ ಶಾಕ್. ಅವಳು ನಗುತ್ತಾ ಹೇಳಿದಳು, ನನಗೆ ನಗು ಬರಲಿಲ್ಲ. ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಎರಡು ನಿಮಿಷ ಸುಮ್ಮನಿದ್ದರು. "ಶನಿವಾರ ಬರ್ತೀನಿ" ಅಂದರು.

ವಿಜಯಪುರ ಕಡೆಯಿಂದ ಬರುವ ರೈಲಿನಲ್ಲಿ ಬೆಳಗ್ಗೆ ಬಂದಿಳಿದರು. ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಚೀಲ. ಅಂಗಿ ಜೇಬಿನಲ್ಲಿ ಟೆಸ್ಟರ್. ಲೇಡೀಸ್ ಹಾಸ್ಟೆಲ್, ಗಂಡಸರಿಗೆ ಮೇಲೆ ಪ್ರವೇಶವಿಲ್ಲ ಅಂದರು ಮ್ಯಾನೇಜರ್. ಅಪ್ಪ ಮೇಲಕ್ಕೆ ಕೈ ತೋರಿಸಿ, "ಅಲ್ಲೆ ಹತ್ತು ಮಂದಿ ಗಂಡಸರು ಅದಾರಲ್ರಿ" ಅಂದರು. ಮೇಲೆ ಟೈಲ್ಸಿನವರು ಇಣುಕಿ ನೋಡುತ್ತಿದ್ದರು. ಮ್ಯಾನೇಜರ್ ತಾವೇ ಕರೆದುಕೊಂಡು ಹೋದರು.

ಅಪ್ಪ ಮಂಚ ನೋಡಲಿಲ್ಲ, ಮೇಜು ನೋಡಲಿಲ್ಲ. ನೇರ ಗೋಡೆಯ ಹತ್ತಿರ ಹೋಗಿ ಅಂಗೈ ಊರಿದರು. ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಬಣ್ಣದ ಮೇಲೆ ಕೆರೆದರು. ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಅದರ ಹಿಂದೆ ಬಿಳಿ ಪುಡಿ. ನಾಲಿಗೆಗೆ ಹಚ್ಚಿ ನೋಡಿ ಉಗುಳಿದರು.

"ಉಪ್ಪು ಬಿಡಾಕತ್ತೇತಿ. ಗ್ವಾಡಿ ಇನ್ನೂ ಹಸೀ ಐತವ್ವಾ. ಬಣ್ಣ ಕಡೀಕ ಹೊಡೀತಾರ, ಇವರು ಮೊದಲ ಹೊಡದಾರ."

ಗಿಲಾಯಿಯ ಒಳಗಿನ ನೀರು ಹೊರಗೆ ಬರಲು ದಾರಿ ಹುಡುಕುತ್ತದಂತೆ. ಸಿಮೆಂಟು, ಮರಳಿನಲ್ಲಿರುವ ಉಪ್ಪನ್ನು ಜೊತೆಗೇ ಎಳೆದು ತರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಗೋಡೆಯ ಮೇಲೆ ಉಳಿಯುತ್ತದೆ. ಮೇಲೆ ಪುಟ್ಟಿ, ಬಣ್ಣ ಬಳಿದು ಬಾಯಿ ಮುಚ್ಚಿದರೆ ಅದು ಒಳಗಿಂದ ಒದ್ದುಕೊಂಡು ಹೊರಗೆ ಬರುತ್ತದೆ. ಗೋಡೆಗೆ ಒಂದು ಬೇಸಿಗೆ ಕೊಡಬೇಕು ಅನ್ನುವುದು ಅಪ್ಪನ ಲೆಕ್ಕ. ಮಳೆಗಾಲದ ಹೊಸ್ತಿಲಲ್ಲಿ ಬಣ್ಣ ಬಳಿದರೆ ಮತ್ತೊಮ್ಮೆ ಬಳಿಯಲೇಬೇಕು. ನನ್ನ ಮಂಚದ ಹಿಂದೆ ಬೂಷ್ಟು ಬಂದದ್ದು ಯಾಕೆ ಅಂತ ಆಗ ಗೊತ್ತಾಯಿತು. ನಾನು ಫಿನಾಯಿಲ್ ಹಾಕಿ ಒರೆಸುತ್ತಿದ್ದೆ.

ಸ್ಲ್ಯಾಬಿನ ಬಗ್ಗೆ ಮಾತ್ರ ಅಪ್ಪ ಸರ್ಟಿಫಿಕೇಟ್ ಕೊಟ್ಟರು. ನಾಲ್ಕನೇ ಮಹಡಿಗೆ ಹತ್ತಿ, ಸ್ಲ್ಯಾಬು ಹಾಕಿದ ದಿನ ಕೇಳಿ, ಬೆರಳಲ್ಲಿ ಲೆಕ್ಕ ಹಾಕಿ, ಕಾಂಕ್ರೀಟ್ ಗಟ್ಟಿಯಾಗಲು ಬೇಕಾದ 28 ದಿನ ಯಾವಾಗಲೋ ದಾಟಿದೆ, ಜಾಕಿ ತೆಗೆಯದೆ ಬಿಟ್ಟದ್ದೂ ಒಳ್ಳೆಯದೇ ಅಂದರು. "ಈ ಊರಾಗ ಕ್ಯೂರಿಂಗ್ ದೇವರ ಮಾಡ್ತಾನ" ಅಂತ ನಕ್ಕರು. ಕ್ಯೂರಿಂಗ್ ಅಂದರೆ ಹೊಸ ಕಾಂಕ್ರೀಟಿಗೆ ನೀರುಣಿಸುವುದು. ಮೇಲಿನ ಮೇಸ್ತ್ರಿಯ ಕೆಲಸವನ್ನೂ ಹೊಗಳಿದರು. ಕಟ್ಟಿದವರ ತಪ್ಪಲ್ಲ, ಅವಸರ ಮಾಡಿಸಿದವರ ತಪ್ಪು ಅಂತ ಅವರ ಅಭಿಪ್ರಾಯ.

ಆಮೇಲೆ ಕಟ್ಟಡದ ಹಿಂದೆ ಹೋದರು. ಅಲ್ಲಿ ಅವರ ಮುಖ ಬದಲಾಯಿತು.

ಗುಡ್ಡ ಕಡಿದು ಜಾಗ ಮಾಡಿದ್ದಾರೆ. ಕಟ್ಟಡದ ಹಿಂದಿನ ಗೋಡೆಗೂ ಕಡಿದ ಮಣ್ಣಿಗೂ ನಡುವೆ ಎಂಟು ಅಡಿ ಇರಬಹುದು. ಮಣ್ಣು ನೆಟ್ಟಗೆ ನಿಂತಿತ್ತು, ಎರಡನೇ ಮಹಡಿಯ ಕಿಟಕಿಯ ಮಟ್ಟಕ್ಕೆ. ಮೇಲೆ ನೀಲಿ ಟಾರ್ಪಾಲು ಹೊದಿಸಿ ಕಲ್ಲು ಇಟ್ಟಿದ್ದರು. ತಡೆಗೋಡೆ ಕೆಳಗಿನಿಂದ ನಾಲ್ಕಡಿ ಎದ್ದು ಅಲ್ಲಿಗೇ ನಿಂತಿತ್ತು. ನನ್ನ 207ರ ಕಿಟಕಿ ತೆರೆಯುತ್ತಿದ್ದುದು ಆ ಟಾರ್ಪಾಲಿನ ಕಡೆಗೇ. ನನಗದು ಬರೀ ನೀಲಿ ಬಣ್ಣದ ನೋಟ, ಅಷ್ಟೇ ಆಗಿತ್ತು.

ಇಲ್ಲಿಯವರಿಗೆ ನಾನು ಹೊಸದಾಗಿ ಹೇಳಬೇಕಿಲ್ಲ. ತೊಕ್ಕೊಟ್ಟಿನಿಂದ ದೇರಳಕಟ್ಟೆಗೆ ಬರುವ ದಾರಿಯಲ್ಲೇ ಕುತ್ತಾರು. 2024ರ ಜೂನ್ 26ರ ಬೆಳಗ್ಗೆ ಅಲ್ಲಿನ ಮದನಿ ನಗರದಲ್ಲಿ ಮನೆಯ ಮೇಲೆ ಗೋಡೆ ಕುಸಿದು ಒಂದೇ ಮನೆಯ ನಾಲ್ಕು ಜನ ತೀರಿಕೊಂಡರು. 2025ರ ಮೇ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಅಜ್ಜಿ ಮತ್ತು ಇಬ್ಬರು ಪುಟ್ಟ ಮಕ್ಕಳು ಹೋದರು. ನಾನು ಈ ಹಾಸ್ಟೆಲಿಗೆ ಬರಲು ಸುಮಾರು ಐದು ವಾರ ಮೊದಲು. ಆ ಸುದ್ದಿ ಓದಿ ಅತ್ತಿದ್ದೆ. ಆದರೂ ನನ್ನ ಕಿಟಕಿಯ ಹಿಂದಿನ ಮಣ್ಣನ್ನು ಅದರ ಜೊತೆ ಸೇರಿಸಿ ಯೋಚಿಸಿರಲೇ ಇಲ್ಲ.

ಅಪ್ಪ ಅಲ್ಲೇ ನಿಂತು ಮ್ಯಾನೇಜರಿಗೆ ಹೇಳಿದರು. ಮಗಳ ರೂಮು ಇವತ್ತೇ ಮುಂದಿನ ಸಾಲಿಗೆ ಬದಲಾಗಬೇಕು. ಹಿಂದಿನ ಸಾಲಿನ ಯಾವ ರೂಮಿನಲ್ಲೂ ಮಳೆ ಮುಗಿಯುವವರೆಗೆ ಮಕ್ಕಳು ಮಲಗಬಾರದು. ಗೋಡೆ ಕಟ್ಟುವಾಗ ಹಿಂದಿನ ನೀರು ಹೊರಗೆ ಬರಲು ಪೈಪಿನ ತೂತು ಬಿಡಬೇಕು, ಇಲ್ಲದಿದ್ದರೆ ಮಣ್ಣು ನೀರು ಕುಡಿದು ಗೋಡೆಯನ್ನೇ ತಳ್ಳುತ್ತದೆ. ಮ್ಯಾನೇಜರ್ "ಆಗ್ತದೆ" ಅನ್ನಲಿಲ್ಲ. ಆ ಒಂದು ದಿನ ಮಾತ್ರ ಅನ್ನಲಿಲ್ಲ.

ನನ್ನ ರೂಮು ಬದಲಾಯಿತು. ಉಳಿದವರದ್ದು ಆಗಲಿಲ್ಲ. ಹತ್ತು ದಿನ ಬಿಟ್ಟು ಒಂದು ರಾತ್ರಿ, ಹನ್ನೊಂದೂವರೆ ಇರಬೇಕು, ಹಿಂದಿನಿಂದ ಲಾರಿ ಮರಳು ಸುರಿದಂತೆ ಸದ್ದಾಯಿತು. ಮಣ್ಣಿನ ಒಂದು ಮೂಲೆ ಜಾರಿ, ಚರಂಡಿ ಮುಚ್ಚಿ, ಕೆಳಗಿನ ಊಟದ ಹಾಲಿಗೆ ಕೆಂಪು ನೀರು ನುಗ್ಗಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತು ರಾತ್ರಿ ಹಿಂದಿನ ಸಾಲಿನ ಹನ್ನೆರಡು ಹುಡುಗಿಯರು ಹಾಸಿಗೆ ಹೊತ್ತುಕೊಂಡು ಮುಂದಿನ ರೂಮುಗಳಿಗೆ ಬಂದರು. ನನ್ನ ರೂಮಿನಲ್ಲಿ ಐದು ಜನ ಮಲಗಿದೆವು. ಬೆಳಗ್ಗೆ ಎಲ್ಲರೂ ಸೇರಿ ಒಂದು ಕಾಗದ ಬರೆದು, ಮೂವತ್ತೊಂದು ಜನ ಸಹಿ ಹಾಕಿ, ಅದರ ಫೋಟೋ ಓನರಿಗೆ ಕಳಿಸಿದೆವು. ಫೋನ್ ಎತ್ತದ ಓನರ್ ಮಧ್ಯಾಹ್ನಕ್ಕೆ ಕಾರಿನಲ್ಲಿ ಬಂದರು. ತಡೆಗೋಡೆಯ ಕೆಲಸ ಅದೇ ವಾರ ಶುರುವಾಯಿತು, ಅಕ್ಟೋಬರಿನಲ್ಲಿ ಮುಗಿಯಿತು. ಪೈಪಿನ ತೂತುಗಳನ್ನು ನಾನೇ ಎಣಿಸಿ ಅಪ್ಪನಿಗೆ ಫೋಟೋ ಕಳಿಸಿದೆ.

ಆ ಗೋಡೆ ಕಟ್ಟಿದವರು ನಮ್ಮ ಕಡೆಯವರು. ಕೆಲಸದವರ ಎರಡು ಸಂಸಾರ ಕೆಳಗೆ ಪಾರ್ಕಿಂಗಿನಲ್ಲಿ ಶೀಟು ಅಡ್ಡ ಇಟ್ಟುಕೊಂಡು ಇದ್ದವು. ಇಲ್ಲಿಯವರು ಅವರನ್ನೂ ನನ್ನನ್ನೂ ಒಂದೇ ಪದದಲ್ಲಿ ಕರೆಯುತ್ತಾರೆ, 'ಘಟ್ಟದವರು'. ನಾನು ಕೆಳಗೆ ನೀರು ಹಿಡಿಯಲು ನಿಂತಿದ್ದಾಗ ಒಬ್ಬ ಹೆಂಗಸು "ಯಾವೂರವ್ವಾ ನಿಂದು?" ಅಂತ ಕೇಳಿದರು. ಹಾವೇರಿ ಕಡೆ ಅಂದೆ. "ಹಂಗಾದ್ರ ನಮ್ಮಾಕೀನ ಬಿಡು" ಅಂದರು. ಅವರದ್ದು ಕೊಪ್ಪಳ ಜಿಲ್ಲೆ. ಅಲ್ಲಿಯವರೆಗೆ ನಾವು ಹುಡುಗಿಯರು 'ಕೆಲಸದವರು ನೀರು ಖಾಲಿ ಮಾಡ್ತಾರೆ' ಅಂತ ಗೊಣಗುತ್ತಿದ್ದೆವು. ಅವರಿಗೆ ನಮ್ಮಿಂದ ಆದ ತೊಂದರೆ ಅವತ್ತು ಕೇಳಿದೆ. ನಾವು ಬರುವ ಮೊದಲು ಅವರು ಒಂದನೇ ಮಹಡಿಯ ಖಾಲಿ ರೂಮಿನಲ್ಲಿ ಒಣ ಜಾಗದಲ್ಲಿ ಮಲಗುತ್ತಿದ್ದರಂತೆ. ನಾವು ಬಂದ ಮೇಲೆ ಪಾರ್ಕಿಂಗಿಗೆ ಇಳಿದರು. ಮಳೆ ನೀರು ಎರಚಲು ಹೊಡೆಯುತ್ತಿತ್ತು. ಅವರ ಮಗಳಿಗೆ ನಾಲ್ಕು ವರ್ಷ. ನನ್ನ ಪ್ಲಾಸ್ಟಿಕ್ ಅಸ್ಥಿಪಂಜರದ ಕೀಚೈನ್ ಈಗ ಅವಳ ಹತ್ತಿರ ಇದೆ.

ದುಡ್ಡಿನ ವಿಷಯ. ಲಿಫ್ಟಿಲ್ಲ, ಬಿಸಿನೀರು ಅರ್ಧ ದಿನ, ಸ್ಟಡಿ ಹಾಲಿನಲ್ಲಿ ಸಿಮೆಂಟ್ ಚೀಲ. ಬಾಡಿಗೆ ಮಾತ್ರ ಪೂರ್ತಿ. ಕಾಗದ ಕೊಟ್ಟ ಮೇಲೆ ಎರಡು ತಿಂಗಳಿಗೆ ತಲಾ 1,000 ಕಡಿಮೆ ಮಾಡಿದರು. ಸೆಪ್ಟೆಂಬರಿನಲ್ಲಿ ಹೊಸ ವರಸೆ. ಇನ್ನು ಮೇಲೆ ಬಿಲ್ಲಿಗೆ ಜಿಎಸ್‌ಟಿ ಸೇರುತ್ತದೆ ಅಂದರು. ನನ್ನ ರೂಮ್‌ಮೇಟ್ ಎಂಕಾಂ, ಕುಮಟಾ ಕಡೆಯವಳು, ಮಾತು ಕಡಿಮೆ. ಅವಳು ಆಫೀಸಿಗೆ ಹೋಗಿ ತಣ್ಣಗೆ ಹೇಳಿದಳು. 2024ರ ಜೂನ್‌ನಲ್ಲಿ ಜಿಎಸ್‌ಟಿ ಕೌನ್ಸಿಲಿನ 53ನೇ ಸಭೆ ಹಾಸ್ಟೆಲುಗಳಿಗೆ ವಿನಾಯಿತಿ ಕೊಟ್ಟಿದೆ. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಒಳಗಿದ್ದು, ಒಂದೇ ಸಮನೆ 90 ದಿನ ಅಥವಾ ಹೆಚ್ಚು ಇದ್ದರೆ ವಸತಿಗೆ ತೆರಿಗೆ ಇಲ್ಲ. ನಾವು 8,500 ಕೊಡುತ್ತಿದ್ದೇವೆ, ವರ್ಷ ಇರುತ್ತೇವೆ. ಅಕೌಂಟೆಂಟನ್ನು ಕೇಳಿ ಹೇಳುತ್ತೇವೆ ಅಂದರು. ಆಮೇಲೆ ಆ ಮಾತೇ ಬರಲಿಲ್ಲ. ಬಾತ್‌ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ಓದಿದ ಅಕೌಂಟೆನ್ಸಿ ವ್ಯರ್ಥವಾಗಲಿಲ್ಲ.

ನಮ್ಮಲ್ಲಿ ಒಬ್ಬಳು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಲು ರೆಡಿಯಾಗಿದ್ದಳು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವೂ ಇಲ್ಲ. ಅಷ್ಟು ದೂರ ಹೋಗಲಿಲ್ಲ. ಹೋಗಬೇಕಿತ್ತು ಅಂತ ಈಗಲೂ ಅವಳು ವಾದ ಮಾಡುತ್ತಾಳೆ. ಮಂಗಳೂರಿನ ಬಸ್ ಹತ್ತಿ, ಪರೀಕ್ಷೆಯ ನಡುವೆ, ಅಡ್ವಾನ್ಸ್ ಅವರ ಕೈಯಲ್ಲಿ ಇಟ್ಟುಕೊಂಡು ಯಾರು ಹೋಗುತ್ತಾರೆ ಹೇಳಿ. ಅಡ್ವಾನ್ಸ್ ತೆಗೆದುಕೊಳ್ಳುವುದೇ ಅದಕ್ಕಲ್ವಾ.

ಇಷ್ಟೆಲ್ಲ ಬೈದು ಇನ್ನೂ ಅಲ್ಲೇ ಯಾಕಿದ್ದೀಯಾ ಅಂತ ಕೇಳುತ್ತೀರಿ. ಊಟ. ಹೌದು, ಊಟ. ಮೊದಲ ಎರಡು ವಾರ ಅಡುಗೆಮನೆಗೆ ಚಿಮಣಿ ಇರಲಿಲ್ಲ, ಹೊರಗಿನಿಂದ ಕ್ಯಾಟರಿಂಗಿನವರು ಆಟೋದಲ್ಲಿ ತರುತ್ತಿದ್ದರು, ತಣ್ಣಗಿನ ಅನ್ನ, ನೀರು ಸಾರು. ಮೂರನೇ ವಾರ ಅಡುಗೆಯ ಅಕ್ಕ ಒಲೆ ಹಚ್ಚಿದರು ನೋಡಿ, ಅರ್ಧ ಜಗಳ ಅಲ್ಲೇ ಮುಗಿಯಿತು. ತೆಳ್ಳಗಿನ ನೀರುದೋಸೆ, ಕಾಯಿಬೆಲ್ಲ. ಬಸಳೆ ಪದಾರ್ಥ. ಬುಧವಾರ, ಶುಕ್ರವಾರ ತಿನ್ನುವವರಿಗೆ ಬಂಗುಡೆ, ನಮ್ಮಂಥವರಿಗೆ ಅಲಸಂಡೆ ಪಲ್ಯ. ಕುಚಲಕ್ಕಿ ಅನ್ನ ನನಗೆ ಮೊದಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗ ಊರಿಗೆ ಹೋದರೆ ನಮ್ಮಮ್ಮ ಮಾಡುವ ಬಿಳಿ ಅನ್ನ ಹಗುರ ಅನ್ನಿಸುತ್ತದೆ, ಅದನ್ನು ಅಮ್ಮನ ಎದುರು ಹೇಳಿಲ್ಲ. ಆಟಿ ಅಮಾವಾಸ್ಯೆ ದಿನ ಅಕ್ಕ ಎಲ್ಲರನ್ನೂ ಬೆಳಗ್ಗೆ ಎಬ್ಬಿಸಿ ಪಾಲೆ ಮರದ ಕಷಾಯ ಕುಡಿಸಿದರು. ಅಷ್ಟು ಕಹಿಯನ್ನು ನಾನು ಜೀವನದಲ್ಲಿ ಕುಡಿದಿಲ್ಲ. ಆಮೇಲೆ ಕೈಗೆ ಬೆಲ್ಲ ಇಟ್ಟರು. ಮಣ್ಣು ನುಗ್ಗಿದ ರಾತ್ರಿ ಊಟದ ಹಾಲನ್ನು ಮೊಣಕಾಲೂರಿ ತೊಳೆದು, ಬೆಳಗ್ಗೆ ಏಳೂವರೆಗೆ ತಿಂಡಿ ಕೊಟ್ಟದ್ದೂ ಅವರೇ.

ಈಗಿನ ಸ್ಥಿತಿ ಹೇಳುತ್ತೇನೆ. ಇದನ್ನು ಬರೆಯುತ್ತಿರುವುದು 2026ರ ಫೆಬ್ರುವರಿ ಮೊದಲ ವಾರ. ಫ್ಯಾನು, ಚಿಲಕ, ಸ್ವಿಚ್‌ಬೋರ್ಡು ಎಲ್ಲ ಬಂದಿವೆ. ಶಾಕ್ ಹೊಡೆದ ಮೇಲೆ ಅರ್ತಿಂಗ್ ಸರಿಮಾಡಿ ಪ್ರತಿ ಮಹಡಿಗೆ ಇಎಲ್‌ಸಿಬಿ ಹಾಕಿದರು. 30 ಮಿಲಿ ಆಂಪಿಯರಿನಷ್ಟು ಸೋರಿದರೂ ಕಟ್ ಆಗುವಂಥದ್ದು. ಅದರ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ನಾವೇ ಒತ್ತಿ ನೋಡುತ್ತೇವೆ. ಲಿಫ್ಟ್ ಕಳೆದ ತಿಂಗಳು ಕೂತಿದೆ, ಆದರೆ ಓಡುತ್ತಿಲ್ಲ. ಕರ್ನಾಟಕದಲ್ಲಿ ಲಿಫ್ಟಿಗೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇಕು, ಅದು ಬಂದಿಲ್ಲ. ಲೈಸೆನ್ಸ್ ಇಲ್ಲದೆ ಓಡಿಸದೇ ಇರುವುದಕ್ಕೆ ಒಂದು ಶಭಾಸ್. ವೈಫೈ ಪರವಾಗಿಲ್ಲ. ಮೂರನೇ ಮಹಡಿಯಲ್ಲಿ ಜನ ಇದ್ದಾರೆ. ನಾಲ್ಕನೆಯದು ಪೇಂಟಿನ ವಾಸನೆ ಹೊಡೆಯುತ್ತಿದೆ. ತಾರಸಿಗೆ ಶೀಟು ಬಂದದ್ದು ಮಳೆ ನಿಂತ ಮೇಲೆ, ನವೆಂಬರಿನಲ್ಲಿ. ದಾರಿಗೆ ಇನ್ನೂ ಕಾಂಕ್ರೀಟ್ ಇಲ್ಲ, ಈಗ ಕೆಸರಿನ ಬದಲು ಕೆಂಪು ಧೂಳು.

ಐದು ಸ್ಟಾರಿನಲ್ಲಿ ಎಷ್ಟು ಅಂದರೆ, ಜುಲೈನ ಹಾಸ್ಟೆಲಿಗೆ ಒಂದು, ಅದೂ ಅಡುಗೆ ಅಕ್ಕ ಬರುತ್ತಾರೆ ಅನ್ನುವ ಭರವಸೆಗೆ. ಫೆಬ್ರುವರಿಯ ಹಾಸ್ಟೆಲಿಗೆ ಮೂರೂವರೆ. ಜುಲೈನಲ್ಲಿ ನಾನು ಕೊಟ್ಟ ಬಾಡಿಗೆ ಫೆಬ್ರುವರಿಯ ಹಾಸ್ಟೆಲಿನದ್ದು. ನನ್ನ ತಕರಾರು ಅಷ್ಟೇ. ಕೆಲಸ ಬಾಕಿ ಇರುವ ಕಟ್ಟಡಕ್ಕೆ ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ, ನಮಗೆಲ್ಲ ಆರಿಸಿಕೊಳ್ಳುವಷ್ಟು ಟೈಮೂ ದುಡ್ಡೂ ಇರುವುದಿಲ್ಲ. ಹೋದರೆ ತೋರಿಸಿದ ರೂಮು ನೋಡಬೇಡಿ, ನಿಮಗೆ ಕೊಡುವ ರೂಮು ನೋಡಿ. ಮುಂದಿನಿಂದ ನೋಡಿ ಆದ ಮೇಲೆ ಹಿಂದೆ ಹೋಗಿ ನಿಂತು ನೋಡಿ. ಒಸಿ ಕೇಳಿ. ಬಾಕಿ ಕೆಲಸಗಳನ್ನು ತಾರೀಕಿನ ಸಮೇತ ರಸೀದಿಯ ಹಿಂದೆ ಬರೆಸಿಕೊಳ್ಳಿ, ಮುಗಿಯುವವರೆಗೆ ಬಾಡಿಗೆ ಕಡಿಮೆ ಅಂತಲೂ. ಬರೆದುಕೊಡಲು ಒಪ್ಪದಿದ್ದರೆ ತಾರೀಕು ಅವರಿಗೇ ಗೊತ್ತಿಲ್ಲ ಅಂತ ಅರ್ಥ.

ಕೊಪ್ಪಳದ ಸಂಸಾರ ಜನವರಿಯಲ್ಲಿ ಹೊರಟುಹೋಯಿತು, ಸುರತ್ಕಲ್ ಕಡೆ ಬೇರೆ ಕೆಲಸಕ್ಕೆ. ಪಾರ್ಕಿಂಗಿನಲ್ಲಿ ಈಗ ಸ್ಕೂಟರುಗಳಿವೆ.

ಅಪ್ಪ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. ಊಟ ಆಯ್ತಾ ಅಂತ ಕೇಳುವುದಕ್ಕೂ ಮೊದಲು "ಉಪ್ಪು ನಿಂತೇತೇನ?" ಅಂತ ಕೇಳುತ್ತಾರೆ. ನಾನು ಮಂಚ ಸರಿಸಿ, ಒಂದು ರೂಪಾಯಿ ನಾಣ್ಯ ತೆಗೆದುಕೊಂಡು ಗೋಡೆ ಕೆರೆಯುತ್ತೇನೆ. ಕಳೆದ ವಾರವೂ ಬಿಳಿ ಪುಡಿ ಬಿತ್ತು.

"ಇನ್ನೂ ಬಿಡಾಕತ್ತೇತಪ್ಪಾ."

"ಏಪ್ರಿಲ್ ಬರಲಿ ತಡಿ" ಅಂದರು.